ಒಳಗಿನಿಂದ ಚಿಲಕ

ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೈಲರ್ ಮನೆ ಕೊಳ್ಳಲು ಹೋಗುವವರು ಮೊದಲು ಚಕ್ರ ನೋಡುತ್ತಾರೆ. ಆಮೇಲೆ ಕೆಳಗೆ ಬಗ್ಗಿ ತುಕ್ಕು ಹಿಡಿದಿದೆಯೇ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ, ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತು ಒಮ್ಮೆ ಕುಲುಕುತ್ತಾರೆ. ನನ್ನ ಹೆಂಡತಿ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಅವಳು ಮುಚ್ಚಳವಿದ್ದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧದಷ್ಟು ನೀರು, ಜೊತೆಗೊಂದು ಸ್ಟೀಲಿನ ಚೊಂಬು ಹಿಡಿದುಕೊಂಡು ಬರುತ್ತಿದ್ದಳು. ಆ ಚಳಿಗಾಲವಿಡೀ ನಾವು ಟ್ರೈಲರ್ ಹುಡುಕಿದ್ದು ಹೀಗೆ: ಮುಂದೆ ಬಕೆಟ್ಟು ಹಿಡಿದ ಅವಳು, ಹಿಂದೆ ಅಳತೆಯ ಟೇಪು ಹಿಡಿದು ಮುಖ ಊದಿಸಿಕೊಂಡ ನಾನು, ಹತ್ತು ಹೆಜ್ಜೆ ದೂರದಲ್ಲಿ ಇವರು ಯಾರೋ ನಮಗೆ ಗೊತ್ತಿಲ್ಲ ಎಂಬಂತೆ ಇಬ್ಬರು ಹೆಣ್ಣುಮಕ್ಕಳು.

ಅದು ಎಂಬತ್ತರ ದಶಕದ ಕೊನೆ. ನಾನು ಮಸ್ಕತ್ತಿನ ಅಲ್ ಖುವೈರಿನಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಎಸ್ಟಿಮೇಟರ್ ಆಗಿದ್ದೆ. ನನ್ನದು ಉಡುಪಿ ಕಡೆ. ಹೆಂಡತಿಯ ಹಿರಿಯರೂ ನಮ್ಮ ಕಡೆಯವರೇ, ಆದರೆ ಅವಳ ಅಪ್ಪ ಮೈಸೂರಿನಲ್ಲಿ ಹೋಟೆಲ್ ಹಾಕಿ ಅಲ್ಲೇ ನಿಂತದ್ದರಿಂದ ಅವಳ ಮಾತು ಪೂರ್ತಿ ಮೈಸೂರಿನದು. ನನ್ನ ತುಳು ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಕನ್ನಡ. ಮಕ್ಕಳು ನಮ್ಮಿಬ್ಬರಿಗೂ ಇಂಗ್ಲಿಷಿನಲ್ಲೇ ತಿರುಗಿ ಹೇಳುತ್ತಿದ್ದರು.

ನನ್ನ ಜೊತೆಯವರಲ್ಲಿ ಹೆಚ್ಚಿನವರು ವಾರದ ರಜೆ ಶುಕ್ರವಾರ ಬಂದರೆ ಭಜನೆ, ಇಸ್ಪೀಟು, ಒಬ್ಬರ ಮನೆಯಲ್ಲಿ ಊಟ ಎಂದು ಇರುತ್ತಿದ್ದರು. ನನಗೆ ಬಯಲಿನ ಹುಚ್ಚು. ಗುರುವಾರ ಮಧ್ಯಾಹ್ನ ಆಫೀಸು ಮುಗಿದದ್ದೇ ಡೇರೆ, ಚಾಪೆ, ಸ್ಟವ್ ಎಲ್ಲ ಗಾಡಿಗೆ ತುಂಬಿ, ಹೆಂಡತಿ ಮಕ್ಕಳನ್ನು ಹತ್ತಿಸಿ ಹೊರಟೇಬಿಡುತ್ತಿದ್ದೆ. ಒಮ್ಮೆ ಗುಡ್ಡಗಳ ನಡುವಿನ ಒಣ ಹೊಳೆ, ಒಮ್ಮೆ ಸೂರ್ ಕಡೆಯ ಕಡಲ ತೀರ. ಕ್ಯಾಮರಾ ಹುಚ್ಚಿನ ಒಂದಿಬ್ಬರು ಗೆಳೆಯರೂ ಕೆಲವೊಮ್ಮೆ ತಮ್ಮ ಗಾಡಿಯಲ್ಲಿ ಜೊತೆಗೆ ಬರುತ್ತಿದ್ದರು. ಏಳು ವರ್ಷ ಹೀಗೆ ತಿರುಗಿದೆವು. ಆ ಏಳು ವರ್ಷದಲ್ಲಿ ನಮ್ಮವಳು ದಾರಿಯಲ್ಲಿ ನೀರು ಕೇಳಿದ್ದು ನನಗೆ ನೆನಪಿಲ್ಲ. ಅದೊಂದು ದೊಡ್ಡ ಗುಣವೆಂದು ನಾನು ನಂಬಿದ್ದೆ. ಗೆಳೆಯರೆದುರು ಅವಳನ್ನು ‘ನಮ್ಮನೆ ಒಂಟೆ’ ಎಂದು ಹೊಗಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಸೂರ್ ಕಡೆಗೆ ಹೋಗಿದ್ದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆಂಡತಿ ಹಿಂದಿನ ಸೀಟಿಗೆ ನೀರಿನ ಬಾಟಲಿ ಚಾಚಿದಳು. ಏಳು ವರ್ಷದ ಚಿಕ್ಕವಳು ಗಟಗಟ ಕುಡಿದಳು. ಹನ್ನೊಂದು ತುಂಬಿದ ದೊಡ್ಡವಳು ಬಾಟಲಿಯನ್ನು ಹಾಗೇ ವಾಪಸು ಕೊಟ್ಟಳು.

“ನೋ ಅಮ್ಮ, ಐ ಆ್ಯಮ್ ಓಕೆ.”

ಮಾರನೆಯ ದಿನ ಮಧ್ಯಾಹ್ನ ಹಿಂದಿರುಗುವವರೆಗೂ ಅವಳು ಎರಡು ಗುಟುಕಿಗಿಂತ ಹೆಚ್ಚು ಕುಡಿಯಲಿಲ್ಲ. ತುಟಿ ಒಡೆದಿತ್ತು. ಅರ್ಧ ದಾರಿಗೆ ಬರುವಾಗ ತಲೆನೋವೆಂದು ಅಳತೊಡಗಿದಳು, ಆಮೇಲೆ ವಾಂತಿ ಮಾಡಿಕೊಂಡಳು. ಬಿಸಿಲು ತಾಗಿದ್ದು ಎಂದು ನಾನು ಹೇಳಿದೆ. ಹೆಂಡತಿ ಹಿಂದಿನ ಸೀಟಿಗೆ ಹೋಗಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಮನೆಗೆ ಬಂದು, ಮಗಳಿಗೆ ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿ ಮಲಗಿಸಿದ ಮೇಲೆ ಅವಳು ಹೇಳಿದಳು, “ನೋಡ್ರಿ, ಇನ್ಮೇಲೆ ನಾವು ಮೂರು ಜನ ಬರಲ್ಲ.”

ನನಗೆ ರೇಗಿಹೋಯಿತು. “ಎಂತ ಮಾರಾಯ್ತಿ, ಒಂದು ದಿನ ಬಿಸಿಲಿಗೆ ತಲೆನೋವು ಬಂದದ್ದಕ್ಕೆ?”

“ಬಿಸಿಲಿಗಲ್ಲ. ಅವಳು ನೀರು ಕುಡಿದಿಲ್ಲ. ಯಾಕೆ ಅಂತ ಗೊತ್ತಾ ನಿಮಗೆ? ನನ್ನ ನೋಡಿ ಕಲ್ತಿದ್ದಾಳೆ. ಗುರುವಾರ ಬೆಳಗ್ಗೆಯಿಂದಲೇ ನಾನು ನೀರು ಬಿಡ್ತೀನಿ. ಅಲ್ಲಿ ಮರ ಇಲ್ಲ, ಗಿಡ ಇಲ್ಲ. ಎಲ್ಲೋ ಒಂದು ಬಂಡೆ ಇದ್ರೆ ಅದರ ಮೇಲೆ ನಿಮ್ಮ ಸ್ನೇಹಿತರು ಕ್ಯಾಮರಾ ಹಿಡ್ಕೊಂಡು ನಿಂತಿರ್ತಾರೆ. ನಾವೆಲ್ಲಿ ಹೋಗೋದು?”

ಅವಳು ದನಿ ಏರಿಸಲಿಲ್ಲ. “ನಾನು ಒಂಟೆ ಆಗಿದ್ದು ಸಾಕು. ಅವಳು ಆಗೋದು ಬೇಡ.”

ಈ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಒಂದು ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ನಕ್ಷೆ ನೋಡಿಯೇ ಹೇಳುತ್ತಿದ್ದವನು ನಾನು. ಪಕ್ಕದ ಸೀಟಿನಲ್ಲಿ ಏಳು ವರ್ಷ ಬಾಯಾರಿ ಕೂತವಳು ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ದೊಡ್ಡ ದೊಡ್ಡ ಯೋಜನೆ ಹಾಕುವವನು. ಟ್ರೈಲರ್ ತಗೊಳ್ಳುವ ಎಂದೆ. ಅವಳು ಯೋಚಿಸಿ ಒಂದೇ ಷರತ್ತು ಹಾಕಿದಳು: ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಜಾಗ ಅದರಲ್ಲಿರಬೇಕು. ಇಲ್ಲದಿದ್ದರೆ ಕ್ಯಾಂಪಿಂಗ್ ಎನ್ನುವುದು ನಮ್ಮ ಮನೆಯಲ್ಲಿ ಮುಗಿದ ಮಾತು.

ಮೊದಲು ನೋಡಿದ್ದು ಕ್ಯಾರವಾನ್. ಬ್ರಿಟಿಷರು ಇಂಥ ಟ್ರೈಲರಿಗೇ ಹಾಗೆನ್ನುತ್ತಾರೆ. ಸೈಟಿನ ಫೋರ್‌ಮನ್ ಒಬ್ಬ, ನಮ್ಮ ಯಾರ್ಡಿನಲ್ಲೇ ಒಳ್ಳೆಯ ಕ್ಯಾರವಾನ್ ಖಾಲಿ ಬಿದ್ದಿದೆ ಎಂದ. ನಾನು ಹಿಗ್ಗಿ ಸಂಸಾರ ಸಮೇತ ಹೋದೆ. ಗಲ್ಫಿನ ಸೈಟುಗಳಲ್ಲಿ ಕ್ಯಾರವಾನ್ ಎಂದರೆ ಕೆಲಸದವರು ಮಲಗುವ, ಕ್ರೇನಿನಿಂದ ಎತ್ತಿಡುವ ತಗಡಿನ ಕೋಣೆ ಎಂಬುದು ದಿನಾ ಅವುಗಳ ಕಾಗದಗಳಿಗೆ ಸಹಿ ಹಾಕುವ ನನಗೆ ಹೊಳೆಯಲೇ ಇಲ್ಲ. ಬಸ್ಸಿನಷ್ಟು ಉದ್ದದ ಪೆಟ್ಟಿಗೆ ಮರಳಿನಲ್ಲಿ ಕೂತಿತ್ತು. ಹೆಂಡತಿ ಒಳಗೆ ಹೋಗಿ, ಸುತ್ತು ಹಾಕಿ ಹೊರಗೆ ಬಂದಳು.

“ಚಿಲಕ ಇದೆ. ಚಕ್ರ ಇಲ್ಲ,” ಎಂದಳು.

ಎರಡನೆಯದಕ್ಕೆ ನಾನೇ ಮರುಳಾದೆ. ಸೂಪರ್ ಮಾರ್ಕೆಟ್ಟಿನ ಬೋರ್ಡಿನಲ್ಲಿ, ಊರಿಗೆ ಮರಳುವ ಯಾವುದೋ ಯುರೋಪಿನ ಎಂಜಿನಿಯರ್ ಚೀಟಿ ಅಂಟಿಸಿದ್ದ. ಹಾಲಿನಂಥ ಬಿಳಿ ಟ್ರೈಲರ್. ಮಡಚುವ ಮಂಚ, ಪುಟ್ಟ ಫ್ರಿಜ್ಜು, ಕಿಟಕಿಗೆ ನೀಲಿ ಪರದೆ. ಮೂಲೆಯಲ್ಲಿ ಮಡಚಿ ಎಳೆಯುವ ಪ್ಲಾಸ್ಟಿಕ್ ಬಾಗಿಲಿನ ಹಿಂದೆ ಔಷಧಿ ಹಾಕಿ ಉಪಯೋಗಿಸುವ ಒಂದು ಕಮೋಡು. ನಾನು ಟೇಪು ಬಿಡಿಸಿ ಎಲ್ಲವನ್ನೂ ಅಳೆದೆ, ಮನಸ್ಸಿನಲ್ಲಿ ನಮ್ಮ ಸಾಮಾನು ಜೋಡಿಸಿದೆ. ಅಷ್ಟರಲ್ಲಿ ಹೆಂಡತಿ ಬಕೆಟ್ಟು ಹಿಡಿದು ಒಳಗೆ ಹೋಗಿ ಆ ಬಾಗಿಲು ಎಳೆದುಕೊಂಡಳು. ದಳದಳ ನೀರು ಸುರಿದ ಸದ್ದು.

“ಏನ್ರೀ, ಕೇಳಿಸ್ತಾ?”

“ಕೇಳಿಸ್ತದೆ ಮಾರಾಯ್ತಿ, ಇಡೀ ಮಸ್ಕತ್ತಿಗೆ ಕೇಳಿಸ್ತದೆ!”

ದೊಡ್ಡವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಅಮ್ಮಾ ಪ್ಲೀಸ್, ಎವ್ರಿಬಡಿ ಈಸ್ ಲುಕಿಂಗ್.” ಎಂಜಿನಿಯರ್ ಕಣ್ಣು ಕಣ್ಣು ಬಿಟ್ಟ. ಸೋರುತ್ತದೆಯೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಸುಳ್ಳು ಹೇಳಿದೆ. ಬಾಗಿಲ ಕೆಳಗಿನಿಂದ ನೀರು ಹರಿದು ಬಂದು ಅವನ ಒಳ್ಳೆಯ ಕಾರ್ಪೆಟ್ಟು ಒದ್ದೆಯಾಯಿತು. ಒಂದು ಚೊಂಬು ನೀರು ಹೋಗಲು ಅದರಲ್ಲಿ ದಾರಿಯೇ ಇರಲಿಲ್ಲ.

“ಇದು ಕಾಗದದವರಿಗೆ ಮಾಡಿದ್ದು. ನೀರಿನವರಿಗಲ್ಲ,” ಎಂದು ಹೆಂಡತಿ ಚೊಂಬು ಒರೆಸಿ ಬಕೆಟ್ಟಿಗೆ ಹಾಕಿಕೊಂಡಳು.

ಕಾರಿನಲ್ಲಿ ನಾನು ಕೂಗಾಡಿದೆ. ನಾನು ಅದನ್ನೇ ತಗೊಳ್ಳುವವನು, ಯಾರು ಬೇಕಾದರೂ ಬರಲಿ, ಬಿಡಲಿ ಎಂದೆ. “ತಗೊಳ್ಳಿ. ಇಡೀ ಮಂಚ ನಿಮಗೇ ಸಿಗುತ್ತೆ,” ಎಂದಳು. ಎರಡು ದಿನ ಮಾತು ಬಿಟ್ಟೆ. ಆ ಎರಡು ದಿನವೂ ಅವಳು ಏನೂ ಆಗದವಳಂತೆ ನನ್ನ ತಟ್ಟೆಗೆ ಬಡಿಸಿದಳು. ಗುರುವಾರಗಳು ಸುಮ್ಮನೆ ಕಳೆಯುತ್ತಿದ್ದವು. ಡೇರೆ ಮಂಚದ ಕೆಳಗೆ ಬಿದ್ದಿತ್ತು. ದೊಡ್ಡವಳು ಒಂದು ಸಲವೂ ಎಲ್ಲಿಗಾದರೂ ಹೋಗೋಣವೆಂದು ಕೇಳಲಿಲ್ಲ. ಅವಳಿಗೆ ಅದರಿಂದ ನೆಮ್ಮದಿಯೇ ಆಗಿದೆಯೆಂದು ನನಗೆ ತಿಳಿದಾಗ ಸಿಟ್ಟೆಲ್ಲ ಇಳಿದುಹೋಯಿತು.

ದಾರಿ ತೋರಿಸಿದ್ದು ನಮ್ಮ ಆಫೀಸಿನ ಡ್ರೈವರ್. ಸಹಮ್ ಎಂಬ ಊರಿನವನು, ಐವತ್ತು ದಾಟಿದ ಒಮಾನಿ. ನಾನು ಬಕೆಟ್ಟಿನ ಕತೆಯನ್ನು ತಮಾಷೆಯಾಗಿಯೇ ಹೇಳಿದೆ. ಅವನು ನಗಲಿಲ್ಲ. “ಭಾಯ್, ನನ್ನ ತಾಯಿಯ ಗಾಡಿ ಇದೆ, ಬಂದು ನೋಡು,” ಎಂದು ಹಿಂದಿಯಲ್ಲಿ ಹೇಳಿದ.

ಶುಕ್ರವಾರ ಬೆಳಗ್ಗೆ ಸಹಮಿಗೆ ಹೋದೆವು. ಅವನ ತೋಟದಲ್ಲಿ, ಖರ್ಜೂರದ ಮರಗಳ ನಡುವೆ ಅದು ನಿಂತಿತ್ತು. ಹಳೆಯ ಪಿಕಪ್ಪಿನ ಎರಡು ಚಕ್ರದ ಮೇಲೆ ಹಸಿರು ಬಣ್ಣದ ಮರದ ಪೆಟ್ಟಿಗೆ. ಫ್ರಿಜ್ಜಿಲ್ಲ, ಪರದೆಯಿಲ್ಲ, ಎರಡು ಬೆಂಚು ಮಾತ್ರ. ಇದ್ದ ಜಾಗದ ಮೂರರಲ್ಲಿ ಒಂದು ಪಾಲನ್ನು ಹಿಂದುಗಡೆಯ ಒಂದು ಸಣ್ಣ ಕೋಣೆಯೇ ನುಂಗಿತ್ತು. ಎಂಥ ದಡ್ಡ ನಕ್ಷೆ ಎಂದುಕೊಂಡೆ.

ಡ್ರೈವರ್ ಹೇಳಿದ್ದು ಇಷ್ಟು. ಅವನ ತಾಯಿ ಸೂರಿನಲ್ಲಿ ಹುಟ್ಟಿದವಳು. ವರ್ಷಕ್ಕೊಮ್ಮೆ ತವರಿಗೆ ಹೋಗಬೇಕು, ಬೇಸಿಗೆಯಲ್ಲಿ ಒಳನಾಡಿನ ತೋಟಕ್ಕೆ ಹೋಗಬೇಕು. ಆದರೆ ದಾರಿಯುದ್ದಕ್ಕೂ ಗಂಡಸರ ಗಾಡಿಗಳು. ತನಗೊಂದು ಬಾಗಿಲು ಮಾಡಿಸಿಕೊಡುವವರೆಗೆ ಮನೆ ಬಿಟ್ಟು ಹೊರಡುವುದಿಲ್ಲವೆಂದು ಹಟ ಹಿಡಿದಳಂತೆ. ಸೂರಿನಲ್ಲಿ ಮರದ ಹಡಗು ಕಟ್ಟುತ್ತಿದ್ದ ಅವಳ ತಮ್ಮನೇ ಇದನ್ನು ಕಟ್ಟಿಕೊಟ್ಟ. ಈಗ ಅವಳಿಗೆ ಮಂಡಿನೋವು, ಪ್ರಯಾಣ ನಿಂತಿತ್ತು.

ಮುದುಕಿ ಕೋಲೂರಿಕೊಂಡು ಬಂದಳು. ಹೂವಿನ ಅಚ್ಚಿನ ಶಾಲು, ಬೆಳ್ಳಿಯ ಬಳೆ. ನನ್ನನ್ನು ಅವಳು ನೋಡಲೇ ಇಲ್ಲ. ನನ್ನ ಹೆಂಡತಿಯ ಕೈಯಲ್ಲಿದ್ದ ಬಕೆಟ್ಟಿನ ಮುಚ್ಚಳ ತೆಗೆದು ಚೊಂಬು ನೋಡಿದಳು, ನನ್ನ ದೊಡ್ಡ ಮಗಳನ್ನು ನೋಡಿದಳು, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಯಾರೂ ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. “ಯಲ್ಲಾ,” ನಡಿ, ಎಂದು ಅರಬಿಯಲ್ಲಿ ಹೇಳಿ ಹೆಂಡತಿಯ ಭುಜ ಹಿಡಿದು, ನೋಯುವ ಮಂಡಿಯಲ್ಲೇ ಮೆಟ್ಟಿಲು ಹತ್ತಿದಳು. ಇಬ್ಬರೂ ಆ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದದ್ದಷ್ಟೇ ಗೊತ್ತಾಯಿತು.

ನಾವು ಹೊರಗೆ ನಿಂತೆವು. ಎಷ್ಟೋ ಹೊತ್ತು ಏನೂ ಇಲ್ಲ. ಒಳಗೇನಾದರೂ ಆಯಿತೇ ಎಂದು ನನಗೆ ಗಾಬರಿಯಾಗುವಷ್ಟರಲ್ಲಿ ಚಿಕ್ಕವಳು, “ಅಪ್ಪಾ, ಲುಕ್,” ಎಂದು ನೆಲ ತೋರಿಸಿದಳು. ಗಾಡಿಯ ಅಡಿಯಲ್ಲಿ ಮರಳು ಒದ್ದೆಯಾಗುತ್ತಿತ್ತು.

ಬಾಗಿಲು ತೆರೆಯಿತು. “ಕೇಳಿಸ್ತಾ?” ಎಂದಳು ಹೆಂಡತಿ.

“ಎಂತ?”

“ಮೂರು ಚೊಂಬು ಸುರಿದೆ.”

ನಾನು ಒಳಗೆ ಹೋಗಿ ನೋಡಿದೆ. ಹಡಗಿನ ಗೋಡೆಗೆ ಮಾಡುವ ಹಾಗೆ ಹಲಗೆಯ ಸಂದುಗಳಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿದ್ದರು. ಗೋಡೆ ಎರಡು ಪದರ. ನೆಲಕ್ಕೆ ತಗಡು ಹೊಡೆದು, ಒಂದು ಮೂಲೆಗೆ ಇಳಿಜಾರು ಕೊಟ್ಟು, ಅಲ್ಲಿ ಬಿರಡೆಯಿದ್ದ ತೂತು. ಮಟ್ಟಸವಾದ ಇಳಿಜಾರು. ನಮ್ಮ ಕಂಪನಿ ಕಟ್ಟಿದ ಬಚ್ಚಲುಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಚಿಲಕ ಹಿತ್ತಾಳೆಯದು, ಹೆಬ್ಬೆರಳಿನಷ್ಟು ದಪ್ಪ, ಮಕ್ಕಳ ಕೈಗೂ ಸಿಗುವ ಎತ್ತರದಲ್ಲಿತ್ತು. ಯಾರೋ ಒಬ್ಬ ಬಡಗಿ ತನ್ನ ಅಕ್ಕನ ಮಾನಕ್ಕಾಗಿ ಇಷ್ಟು ತಲೆ ಓಡಿಸಿದ್ದ. ದಡ್ಡ ನಕ್ಷೆ ಎಂದುಕೊಂಡ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಟ್ರೈಲರುಗಳ ಬಗ್ಗೆ ಒಂದಕ್ಷರವೂ ಓದದ ನನ್ನ ಹೆಂಡತಿ, ಒಂದು ಚೊಂಬು ಹಿಡಿದು, ಅಳೆಯಬೇಕಾದ್ದನ್ನೇ ಅಳೆದಿದ್ದಳು. ಆ ಹೊತ್ತಿಗೆ ಅವಳ ಮೇಲೆ ನನಗೆ ಬಂದಷ್ಟು ಗೌರವ ಮದುವೆಯಾದಾಗಿನಿಂದ ಬಂದಿರಲಿಲ್ಲ.

ಬೆಲೆಯ ಮಾತು ಮುಗಿಸಿ ಹೊರಡುವಾಗ ಮುದುಕಿ ಮೊದಲ ಸಲ ನನ್ನತ್ತ ತಿರುಗಿ, ಕೋಲು ಎತ್ತಿ ಏನೋ ಹೇಳಿದಳು. ಡ್ರೈವರ್ ತಲೆ ತಗ್ಗಿಸಿಕೊಂಡು ಅದನ್ನು ಹಿಂದಿಗೆ ಮಾಡಿದ: “ಆ ಕೋಣೆಯಲ್ಲಿ ಸಾಮಾನು ತುಂಬಬೇಡ ಅಂತಾಳೆ. ನಾನು ಒಮ್ಮೆ ತುಂಬಿದ್ದೆ.” ಮಡಚಿದ ಕುರ್ಚಿ, ಮೀನಿನ ಗಾಳ ಎಲ್ಲ ಅಲ್ಲಿ ಹೇಗೆ ಹಿಡಿಸುತ್ತವೆಂದು ಲೆಕ್ಕ ಹಾಕುತ್ತಿದ್ದ ನಾನು, “ಇಲ್ಲ, ಖಲಾಸ್, ತುಂಬುವುದಿಲ್ಲ,” ಎಂದು ಮಾತು ಕೊಟ್ಟೆ.

ಮುಂದಿನ ತಿಂಗಳು ಆ ಹಸಿರು ಪೆಟ್ಟಿಗೆಯನ್ನು ಎಳೆದುಕೊಂಡು ಸೂರ್ ದಾರಿ ಹಿಡಿದೆವು. ಏರು ಬಂದಲ್ಲೆಲ್ಲ ಗಾಡಿ ತಿಣುಕುತ್ತಿತ್ತು. ಊರು ದಾಟಿ ಗುಡ್ಡಗಳು ಶುರುವಾದಾಗ ಹೆಂಡತಿ ಕಾಲ ಬಳಿ ಇಟ್ಟಿದ್ದ ಬಾಟಲಿ ತೆಗೆದಳು. ಹಿಂದಕ್ಕೆ ಚಾಚಲಿಲ್ಲ. ಮೊದಲು ತಾನೇ ಕತ್ತು ಮೇಲೆ ಮಾಡಿ ಕುಡಿದಳು. ನಾನು ರಸ್ತೆ ನೋಡುವುದು ಬಿಟ್ಟು ಅವಳ ಗಂಟಲು ನೋಡುತ್ತಿದ್ದೆ. “ಮುಂದೆ ನೋಡ್ಕೊಂಡು ಓಡಿಸಿ,” ಎಂದು ಬೈಸಿಕೊಂಡೆ. ಆಮೇಲೆ ಅವಳು ಬಾಟಲಿಯನ್ನು ದೊಡ್ಡವಳಿಗೆ ಕೊಟ್ಟಳು. ದೊಡ್ಡವಳು ಅಮ್ಮನ ಮುಖ ನೋಡಿದಳು, ಬಾಟಲಿ ನೋಡಿದಳು, ನಿಧಾನವಾಗಿ ಕುಡಿಯತೊಡಗಿದಳು.

ಮುಕ್ಕಾಲು ಗಂಟೆಯ ಮೇಲೆ, “ಅಪ್ಪಾ, ಸ್ಟಾಪ್ ಮಾಡಿ,” ಎಂದಳು. ಸುತ್ತ ಬೋಳು ಬಯಲು, ಒಂದು ಕುರುಚಲು ಗಿಡವೂ ಇರಲಿಲ್ಲ. ಎದುರಿನಿಂದ ಲಾರಿಗಳು ಬರುತ್ತಿದ್ದವು. ನಾನು ಪಕ್ಕಕ್ಕೆ ನಿಲ್ಲಿಸಿದೆ. ಅವಳೊಬ್ಬಳೇ ಇಳಿದು ಹಿಂದೆ ಹೋದಳು. ಹೆಂಡತಿ ಎದ್ದು ಹೋಗಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಮಗಳು ಬಂದು ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು ನಿಂತಳು.

“ಅಪ್ಪಾ, ಕೇಳಿಸ್ತಾ?”

“ಇಲ್ಲ ಮಗಾ. ಎಂತದೂ ಕೇಳಿಸ್ಲಿಲ್ಲ.”

ಅವಳು ಹತ್ತಿ ಕೂತು, ಅಮ್ಮನ ಭುಜದ ಮೇಲಿನಿಂದ ಕೈ ಚಾಚಿದಳು. “ಅಮ್ಮಾ, ಇನ್ನೊಂದು ಬಾಟಲಿ ಇದ್ಯಾ?”