ಎದೆನೋವಿನಿಂದ ಸತ್ತವನು ಸೊಪ್ಪು ತಂದ

ಗೆಳೆಯರೇ, ಹೋದ ತಿಂಗಳು ಎದೆನೋವಿನಿಂದ ಸತ್ತನೆಂದು ನಾನೇ ಬರೆದುಕೊಂಡಿದ್ದ ಮನುಷ್ಯ ಇವತ್ತು ಸೊಪ್ಪಿನ ಕಂತೆ ಹಿಡಿದು ನನ್ನೆದುರಿಗೇ ಬಂದು ನಿಂತ.

ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ಯಾರು ಸತ್ತರು, ಯಾವ ಕಾಯಿಲೆಯಿಂದ ಸತ್ತರು ಎಂದು ವಿಚಾರಿಸಿ ಸರ್ಕಾರಕ್ಕೆ ತಿಳಿಸುವುದು ನನ್ನ ಕೆಲಸ. ನನ್ನ ಸೈಕಲ್ ಕಂಡರೆ ಜನ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಒಳಗೆ ಕರೆದು ಕಾಫಿ ಕೊಡುವವರು ಅಟ್ಟೂರಿನ ಮುನಿಯಮ್ಮಜ್ಜಿ ಒಬ್ಬರೇ. ಇವತ್ತು ನಾನು ಅಲ್ಲಿ ಕೂತಿದ್ದಾಗ ಸೊಪ್ಪು ತಂದವನು ಅವರ ತಮ್ಮ, ಜಕ್ಕೂರಿನವನು. ನಮ್ಮ ಮನೆಗೆ ಬಂದಿದ್ದಾಗಲೇ ಜೀವ ಬಿಟ್ಟ ಎಂದು ಅಜ್ಜಿ ಕಣ್ಣೊರೆಸಿಕೊಂಡು ಹೇಳಿದ್ದರು.

"ನಾನ್ ಸತ್ತೋದ್ನಾ? ಏನಾಗಿತ್ತಕ್ಕಾ?" ಎಂದ ಅವನು, ನನ್ನಿಂದ ವಿಷಯ ತಿಳಿದು.

"ಎದೆನೋವು ಕಣೋ. ಜಾಸ್ತಿ ನರಳಲಿಲ್ಲ ಬುಡು."

ನನಗೆ ರೇಗಿತು. "ಸುಳ್ಳು ಸಾವು ಬರೆಸ್ತೀರಲ್ಲ ಅಜ್ಜಿ! ಡಿಡಿಟಿ ಹೊಡೆದು ಮಲೇರಿಯಾ ಇಳಿದ್ರೂ ಅಟ್ಟೂರಲ್ಲಿ ಮಾತ್ರ ಸಾವು ಯಾಕ್ ಏರ್ತಿದೆ ಅಂತ ಸಾಹೇಬ್ರು ನನ್ನ ಬಯ್ತಾರೆ."

"ಯಾರೂ ಸತ್ತಿಲ್ಲ ಅಂದ್ರೆ ನೀನು ಬಾಗ್ಲಲ್ಲೇ ತಿರುಗ್ಕೊಂಡು ಓಯ್ತೀಯ. ಸತ್ತವ್ರೆ ಅಂದ್ರೆ ತಾನೆ ಕೂತ್ಕೊಂಡು ಎಂಗಾಯ್ತು, ಏನಾಯ್ತು ಅಂತ ಇಚಾರಿಸೋದು?"

ಅವರ ತಮ್ಮ ತಲೆ ತಗ್ಗಿಸಿದ. ನಾನು ಕಾಫಿ ಕುಡಿದು ಮುಗಿಸಿದೆ.

ಹೊರಡುವಾಗ ಅಜ್ಜಿ ಬಾಗಿಲ ತನಕ ಬಂದರು. "ನನ್ ಕಡೆಯೋರೆಲ್ಲ ಮುಗುದ್ರು. ಮುಂದಿನ್ ತಿಂಗ್ಳಿಗೆ ನಿನ್ ಕಡೆಯೋರ್ನ ಯಾರ್ನಾದ್ರೂ ಕೊಡಪ್ಪ."

ರೂಮಿನ ಬೀಗ ತೆಗೆದು ಒಳಗೆ ಬಂದಾಗಿನಿಂದ ಯೋಚಿಸುತ್ತಿದ್ದೇನೆ. ಸುಳ್ಳಿಗೆ ಸಾಯಿಸೋಣವೆಂದರೂ ನನ್ನ ಕಡೆ ಒಂದು ಹೆಸರೂ ಸಿಗುತ್ತಿಲ್ಲ.