ಕೊಳದ ಬಳಿಯ ಕುದುರೆ ನೊಣ

೧೯೫೮ರಲ್ಲಿ ನಾನು ಬಂಗಾರಪೇಟೆಯ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಚಿನ್ನದ ಗಣಿಗಳಿಗೆ ಮರ ಪೂರೈಸುತ್ತಿದ್ದ ಕಂಟ್ರಾಕ್ಟರರೊಬ್ಬರು ಊರಾಚೆ ಬಂಗಲೆ ಕಟ್ಟಿಸಿ, ತೋಟದಲ್ಲಿ ತಾವರೆಕೊಳ ಮಾಡಿಸಿದ್ದರು. ಹೊರಗಿನಿಂದ ತರಿಸಿದ್ದ ಅವರ ಸವಾರಿ ಕುದುರೆಗೆ ಬಿಟ್ಟು ಬಿಟ್ಟು ಜ್ವರ, ಕಾಲುಗಳಲ್ಲಿ ಊತ. ನನ್ನನ್ನು ಕರೆಸಿದರು.

ಕೊಳದ ಪಕ್ಕದಲ್ಲೇ ಲಾಯ. ಕುದುರೆಯ ಹೊಟ್ಟೆಯ ಮೇಲೆ ದಪ್ಪನೆಯ ಬೂದು ನೊಣವೊಂದು ಕೂತಿತ್ತು. ಮನೆಯವರು ಅದನ್ನು ಜೇನುಹುಳ ಎಂದುಕೊಂಡಿದ್ದರು. ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ತಲೆತುಂಬ ಹಸಿರು ಹೊಳಪಿನ ಕಣ್ಣು, ಬಾಯಲ್ಲಿ ಚರ್ಮ ಸೀಳುವ ಅಲಗುಗಳು. ಟಬಾನಸ್, ಅಂದರೆ ಕುದುರೆ ನೊಣ. ನೀರಂಚಿನ ಕೆಸರಿನಲ್ಲಿ ಬೆಳೆಯುತ್ತದೆ. ಕಚ್ಚಿಸಿಕೊಂಡ ಪ್ರಾಣಿ ಮೈ ಕೊಡವಿದರೆ, ರಕ್ತ ಮೆತ್ತಿದ ಬಾಯಲ್ಲೇ ಪಕ್ಕದ ಪ್ರಾಣಿಗೆ ಹಾರುತ್ತದೆ. ಕುದುರೆಯ ರಕ್ತವನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ ಸರ್ರಾ ರೋಗದ ಸೂಕ್ಷ್ಮಜೀವಿಗಳು ಹೊರಳಾಡುತ್ತಿದ್ದವು. ಔಷಧಿ ಸಿಗದ ಕುದುರೆ ಈ ರೋಗದಲ್ಲಿ ಉಳಿಯುವುದಿಲ್ಲ.

ಬೂದಿಕೋಟೆ ಕಡೆಯ ಮುನಿಯಪ್ಪ, ರೈಲಿಳಿದ ಅತಿಥಿಗಳನ್ನು ಜಟಕಾದಲ್ಲಿ ಬಂಗಲೆಗೆ ಕರೆತಂದು, ಅವರು ಹೊರಡುವವರೆಗೂ ತನ್ನ ಕುದುರೆಯನ್ನು ಲಾಯದ ಮಗ್ಗುಲಲ್ಲೇ ಕಟ್ಟುತ್ತಿದ್ದ. ಅದರ ರಕ್ತದಲ್ಲೂ ಅವೇ ಜೀವಿಗಳು ಸಿಕ್ಕವು.

"ಈ ಜಟಕಾ ಕುದುರೆಯಿಂದ್ಲೇ ನಮ್ದಕ್ಕೆ ಬಂದಿದ್ದು," ಎಂದರು ಕಂಟ್ರಾಕ್ಟರರು.

ಅವರ ಕುದುರೆಯ ರೋಗ ಹಳೆಯದು, ಇದರದು ಈಚಿನದು ಎಂದು ನಾನು ವಿವರಿಸಿದೆ. ಮುನಿಯಪ್ಪ ಮೆಲ್ಲಗೆ, "ನಾನು ಗೇಟಿನಾಚೆ ಕಟ್ತೀನಿ ಅಂದ್ರೆ, ಇಲ್ಲೇ ಕಟ್ಟೋ ಅಂದೋರು ನೀವೇ ಅಲ್ವಾ ಸಾಮಿ?" ಎಂದ. ಕಂಟ್ರಾಕ್ಟರರು ನನ್ನತ್ತ ತಿರುಗಿ ಔಷಧಿಯ ವಿಚಾರ ಕೇಳಿದರು.

ನಮ್ಮ ಆಸ್ಪತ್ರೆಯಲ್ಲಿ ಸರ್ರಾಕ್ಕೆ ಕೊಡುವ ಇಂಜೆಕ್ಷನ್ ಇರಲಿಲ್ಲ. ಕಂಟ್ರಾಕ್ಟರರು ಮದರಾಸಿನಿಂದ ಎರಡು ಬಾಟಲಿ ತರಿಸಿದರು. ಒಂದರಲ್ಲೇ ಅವರ ಕುದುರೆ ಚೇತರಿಸಿಕೊಂಡಿತು. ಇನ್ನೊಂದನ್ನು ಮುನಿಯಪ್ಪನ ಕುದುರೆಗೆ ಕೊಡಿ ಎಂದು ಕೇಳಿದೆ.

"ಅದು ಇವತ್ತಲ್ಲ ನಾಳೆ ಸಾಯೋದೇ. ನಮ್ದಕ್ಕೆ ಮತ್ತೆ ಬಂದ್ರೆ ಏನ್ ಮಾಡ್ಲಿ ಡಾಕ್ಟ್ರೇ?" ಎಂದು ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುನಿಯಪ್ಪ ಬಾಗಿಲಲ್ಲೇ ನಿಂತಿದ್ದ.

ಔಷಧಿಗಾಗಿ ನಾನು ಮೇಲಧಿಕಾರಿಗಳಿಗೆ ಬರೆದೆ. ಅಷ್ಟರಲ್ಲಿ ಜಟಕಾ ಕುದುರೆಯಿಂದ ರೋಗ ಹರಡುತ್ತಿದೆ ಎಂಬ ಕಂಟ್ರಾಕ್ಟರರ ದೂರೂ ಅಲ್ಲಿಗೆ ತಲುಪಿತ್ತು. ಔಷಧಿ ಬರಲಿಲ್ಲ, ಚಿಕಿತ್ಸೆಯಿಲ್ಲದ ರೋಗದ ಕುದುರೆಯನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆದೇಶ ಬಂತು. ಹಗ್ಗ ಹಿಡಿಯಲು ಆಸ್ಪತ್ರೆಯ ಜವಾನ ಮುಂದಾದಾಗ ಮುನಿಯಪ್ಪ ತಡೆದ.

"ಬ್ಯಾರೆಯೋರು ಇಡಿದ್ರೆ ಬೆದರ್ತದೆ. ನಾನೇ ಇಡ್ಕೋತೀನಿ."

ಗುಂಡಿನ ಸದ್ದಾದ ಮೇಲೂ ಅವನು ಹಗ್ಗ ಬಿಟ್ಟಿರಲಿಲ್ಲ.

ಮುಂದಿನ ತಿಂಗಳು ಬಂಗಲೆಗೆ ಹೋದಾಗ ಮುನಿಯಪ್ಪ ಅಲ್ಲೇ ಕೆಲಸಕ್ಕೆ ಸೇರಿದ್ದ. ಬೇವಿನ ಸೊಪ್ಪಿನಿಂದ ಆ ಸವಾರಿ ಕುದುರೆಯ ನೊಣ ಓಡಿಸುತ್ತಿದ್ದ. ನಾನು ಕೇಳುವ ಮೊದಲೇ, "ಚೆನ್ನಾಗಿ ಮೇಯ್ತದೆ ಸಾಮಿ," ಎಂದ.

ನೊಣವನ್ನು, ರೋಗವನ್ನು ಗುರುತಿಸುವಷ್ಟು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಯಾವ ಪ್ರಾಣಿ ಉಳಿಯಬೇಕೆಂಬುದನ್ನು ಬೀರುವಿನ ಬೀಗದ ಕೈ ಇದ್ದವರು ನಿರ್ಧರಿಸುತ್ತಾರೆ ಎಂಬುದನ್ನು ಕೆಲಸ ಕಲಿಸಿತು.