ಭಾಲ್ಕಿಯಲ್ಲಿ ಕವಿ ಒಬ್ಬನೇ ಸತ್ತ

ಗೆಳೆಯರೇ, ಇಂದು ಭಾಲ್ಕಿಯಲ್ಲಿ ನನಗೆ ಸರಿಯಾಗಿ ಸಾಯಲು ಆಗಲಿಲ್ಲ.

ಮಧ್ಯಾಹ್ನದ ಆಟ. ನಾಟಕದಲ್ಲಿ ನಾನು ಕವಿ. ಕುಡಿದು ಹಾಳಾಗಿ, ಬರೆದ ಹಾಡುಗಳನ್ನೆಲ್ಲ ಒಲೆಗೆ ಹಾಕುವವನು. ಹೆಂಡತಿಯ ಪಾತ್ರ ನಮ್ಮ ಗುರಪ್ಪನದು. ಅವನು ನನ್ನ ಕಾಲು ಹಿಡಿದು ಅಳಬೇಕು. ನಾನು ಅವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡಬೇಕು.

ಗುರಪ್ಪ ಕಾಲಿಗೆ ಬಿದ್ದ. ನಾನು ಒದ್ದೆ. ಕೂಡಲೇ ಹೆಂಗಸರ ನಡುವಿನಿಂದ ಸಾಯಗಾಂವದ ಮುದುಕಿಯೊಬ್ಬಳು ಎದ್ದು ನಿಂತಳು.

"ಏಳವ್ವಾ! ಈ ಕುಡುಕನ ಕಾಲ ಯಾಕ ಹಿಡೀತಿ? ತವರಮನಿಗಿ ನಡಿ!"

ಉಳಿದ ಹೆಂಗಸರೂ "ನಡಿ, ನಡಿ" ಎಂದು ಕೂಗತೊಡಗಿದರು. ಗುರಪ್ಪ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟೇಹೋದ. ಅಂಥ ಚಪ್ಪಾಳೆ ನಮಗೆಂದೂ ಬಿದ್ದಿರಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ, ಕನ್ನಡ ಬಾರದ ತಹಸೀಲ್ದಾರ ಸಾಹೇಬರೂ "ವಾಹ್ ವಾಹ್" ಎಂದರು.

ನಾನು ಬರಿಯ ಹಲಗೆಯ ಮೇಲೆ ಮಲಗಿ ಸತ್ತೆ. ಯಾರೂ ಅಳಲಿಲ್ಲ.

ಪರದೆ ಬಿದ್ದ ಮೇಲೆ ಒಳಗೆ ಹೋದರೆ ಆ ಮುದುಕಿ ಗುರಪ್ಪನ ಕೈಹಿಡಿದು ನಿಂತಿದ್ದಳು. "ತವರಮನಿ ಇಲ್ಲಂದ್ರ ನಮ್ಮ ಮನಿಗಿ ಬಾ, ಮಗಳ."

"ಅವ್ವಾ, ನಾ ಗಂಡಸ ಇದ್ದೇನ್ರಿ."

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇರ್ಲಿ ಬಿಡು. ಅಂವನ ಹತ್ರ ಮಾತ್ರ ತಿರುಗಿ ಹೋಗಬ್ಯಾಡ."

ನಾಳೆ ಔರಾದಿನಲ್ಲಿ ಇದೇ ಆಟವಿದೆ. ಗುರಪ್ಪ ಯೋಚನೆ ಮಾಡಿ ಹೇಳುತ್ತಾನಂತೆ.